ಮಾದಣ್ಣನ ಹಿಮ್ಮಡಿ

ಈಗೀಗ ನನ್ನ ಬೆಳಗು ಹಿತ್ತಿಲ ಬಾಗಿಲಿನ ಮೆಟ್ಟಿಲ ಮೇಲೆ ಶುರುವಾಗುತ್ತದೆ. ಗೋಡೆ ಹಿಡಿದು, ಮುಂಗಾಲ ಮೇಲೆ ನಿಂತು, ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸಬೇಕು. ಸಕ್ಕರೆ ಕಾಯಿಲೆಗೆ ಹೆದರಿ, ಅರವತ್ತು ದಾಟಿದ ಮೇಲೆ ದಿನಾ ಮೀನಂಗಡಿ ಪೇಟೆಯವರೆಗೆ ದಾಪುಗಾಲು ಹಾಕಿದ್ದರ ಫಲ ಇದು. ಹಾಸಿಗೆಯಿಂದ ಇಳಿದರೆ ಹಿಮ್ಮಡಿಯ ಮೇಲೆ ಸೂಜಿ ಚುಚ್ಚಿದಂತೆ. ಒಂದಷ್ಟು ಹೊತ್ತು ಓಡಾಡಿದರೆ ಮಾಯ.

ಆ ಮಾಯವಾಗುವುದನ್ನು ನಂಬಬೇಡಿ ಎಂದಳು ವ್ಯಾಯಾಮ ಕಲಿಸಿದ ಫಿಸಿಯೋಥೆರಪಿ ಹುಡುಗಿ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿದ ಹಗ್ಗದಂಥ ನಾರು ದುಡಿದು ದುಡಿದು ಹಾಳಾಗಿದೆಯಂತೆ. ಕಾಲು ಬಿಸಿಯಾದಾಗ ನೋವು ಅಡಗಿದರೂ ಒಳಗಿನ ಪೆಟ್ಟು ಹಾಗೆಯೇ ಇರುತ್ತದೆ. ಪೂರಾ ಮಲಗಿದರೆ ನಾರು ಇನ್ನೂ ಸೊರಗುತ್ತದೆ. ಭಾರ ಕಡಿಮೆ ಮಾಡಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಪಳಗಿಸಬೇಕು. ಅವಳು ಹೇಳುತ್ತಿದ್ದಂತೆ ನನಗೆ ಮಾದಣ್ಣ ನೆನಪಾದ. ಕೂತಲ್ಲೇ ನಾಚಿಕೆಯಾಯಿತು.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ನನಗೆ ಇಪ್ಪತ್ತೆರಡು. ಅಪ್ಪ ಕರಿಮೆಣಸಿನ ಕೊಯ್ಲಿನ ಉಸ್ತುವಾರಿಯನ್ನು ನನಗೊಪ್ಪಿಸಿದ್ದರು. ಹೊಸ ಕಲೆಕ್ಟರಿಗೂ ಇರದ ಠೀವಿ ನನಗೆ ಬಂದಿತ್ತು. ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆಸಿದ್ದ ಮಾದಣ್ಣ ನಮ್ಮ ತೋಟದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಏರುವವನು. ನಮ್ಮ ಏಣಿಯನ್ನು ನೀವು ನೋಡಿರಬಹುದು: ಒಂದೇ ಬಿದಿರು, ಗೆಣ್ಣಿನ ಬಳಿ ಉಳಿಸಿದ ಮೋಟುಗಳೇ ಮೆಟ್ಟಿಲು. ಮುಂಗಾಲಷ್ಟೇ ಊರುತ್ತದೆ. ಹಿಮ್ಮಡಿ ದಿನವಿಡೀ ಗಾಳಿಯಲ್ಲಿ ಜೋತಿರುತ್ತದೆ.

ಆ ವರ್ಷ ಅವನು ಬೆಳಿಗ್ಗೆ ಕುಂಟುತ್ತ ಬರುತ್ತಿದ್ದ. "ಸಣ್ಣ ಗೌಡ್ರೆ, ಕಾಲು ಹಿಡ್ಕಂಡದೆ. ಒಂದು ವಾರ ಕೆಳಗಿನ ಪಣಿ, ಕೂತು ಮಾಡೋ ಕೆಲ್ಸ ಕೊಡಿ, ಕಿತ್ತ ಮೆಣಸು ಬಿಡಿಸ್ತೀನಿ" ಎಂದ. ಹತ್ತು ಗಂಟೆಗೆ ನೋಡಿದರೆ ನೆಟ್ಟಗೆ ನಡೆಯುತ್ತಿದ್ದ.

ಕೆಲಸದವರೆಲ್ಲರ ಎದುರು ಕೇಳಿದೆ: "ಹತ್ತು ಗಂಟೆಗೆ ಸರಿಹೋಗೋ ಕುಂಟು ಯಾವ್ದು ಮಾದಣ್ಣ? ನಾಟಕ ಸಾಕು, ಏಣಿ ಏರು."

ಅವನು ಏರಿದ. ಮೂರನೆಯ ದಿನ, ಏಣಿಯ ಮೊದಲ ಮೋಟಿಗೆ ಕಾಲಿಟ್ಟವನು "ಯಾರೋ ಹಿಂದಿಂದ ಒದ್ರು" ಎಂದು ಕುಸಿದು ಕೂತ. ಹಿಂದೆ ಯಾರೂ ಇರಲಿಲ್ಲ. ಆ ನಾರು ಹರಿದಿತ್ತು. ಆಮೇಲೆ ಅವನು ಯಾವ ಏಣಿಯನ್ನೂ ಏರಲಿಲ್ಲ. ಆಸ್ಪತ್ರೆಯ ಖರ್ಚನ್ನು ಅಪ್ಪ ನೋಡಿಕೊಂಡರು. ಅಷ್ಟು ಸಾಕೆಂದು ನಾನು ಸುಮ್ಮನಾದೆ.

ನಿನ್ನೆ ಬೆಳಿಗ್ಗೆ, ನೋವು ಅಡಗುವ ಮೊದಲೇ, ಗದ್ದೆಯಾಚೆಗಿನ ಅವನ ಮನೆಗೆ ಕುಂಟುತ್ತ ಹೋದೆ. ಎಂಬತ್ತರ ಮಾದಣ್ಣ ಜಗಲಿಯಲ್ಲಿ ಕೂತು ನನ್ನ ಕಾಲನ್ನೇ ನೋಡುತ್ತಿದ್ದ.

"ಮಾದಣ್ಣ, ಅವತ್ತು ನಾಟಕ ಅಂದೆ. ತಪ್ಪಾಯ್ತು" ಎಂದೆ.

ಅವನು ಬೆಂಚಿನ ಮೇಲಿದ್ದ ಬಟ್ಟೆ ಸರಿಸಿ ಜಾಗ ಮಾಡಿದ. "ಕೂತ್ಕಳಿ ಗೌಡ್ರೆ. ಹತ್ತು ಗಂಟೆಗೆ ಸರಿಹೋಗ್ತದೆ."

ಹತ್ತಾಯಿತು, ಕಾಲು ಸರಿಹೋಯಿತು. ಅಲ್ಲಿಂದ ಏಳಲು ಮಾತ್ರ ನನ್ನಿಂದ ಆಗಲಿಲ್ಲ.