ಮದುವೆಗೆ ಬಂದ ನಮ್ಮ ಕಾರು

ಕೆದಂಬಾಡಿಯಲ್ಲಿ ಪರಿಚಯದವರ ಮದುವೆಗೆಂದು ನಾನೂ ಹೆಂಡತಿಯೂ ಬಸ್ಸಿಳಿದು, ಬೆವರುತ್ತ ಸಭಾಭವನದ ಗೇಟು ದಾಟುವಾಗ ನಮ್ಮದೇ ಕಾರು ಬಂದು ಪಕ್ಕದಲ್ಲಿ ನಿಂತಿತು. ಹಿಂದಿನ ದಿನವಷ್ಟೇ ಕಲ್ಲುಗುಂಡಿಯ ಗ್ಯಾರೇಜಿಗೆ ಸರ್ವಿಸಿಗೆ ಕೊಟ್ಟಿದ್ದ ಕಾರು. ಒಳಗಿಂದ ಗ್ಯಾರೇಜಿನ ಕೇಶವಣ್ಣ, ಅವರ ಹೆಂಡತಿ, ಅತ್ತೆ, ಮಲ್ಲಿಗೆ ಮುಡಿದ ಇಬ್ಬರು ನಾದಿನಿಯರು ಇಳಿದರು.

ಕೇಶವಣ್ಣನ ಮುಖದಲ್ಲಿ ಗಾಬರಿಯ ಸುಳಿವೇ ಇಲ್ಲ. “ಟ್ರಯಲ್ ನೋಡುದು ಮಾರಾಯ್ರೆ. ಜನ ತುಂಬಿದ್ರೆ ಮಾತ್ರ ಹಿಂದೆ ಕಟಕಟ ಸದ್ದು ಬರುದು ಅಂತ ನೀವೇ ಹೇಳಿದ್ದಲ್ವಾ?”

ಪುತ್ತೂರಿನ ಶೋರೂಮಿಗೇ ಕೊಡಿ ಎಂದು ಮೊದಲೇ ಹೇಳಿದ್ದ ಹೆಂಡತಿ ನನ್ನನ್ನೊಮ್ಮೆ ನೋಡಿದಳು, ಅಷ್ಟೆ.

ಊಟವಾದ ಮೇಲೆ ಕೇಶವಣ್ಣನೇ ಕರೆದರು. “ಬಸ್ಸಿಗೆ ಎಂತಕ್ಕೆ ಕಾಯುದು? ಬನ್ನಿ, ಸ್ವಲ್ಪ ಒತ್ತಿ ಕೂತ್ರೆ ಜಾಗ ಉಂಟು.” ಮುಂದಿನ ಸೀಟು ಅವರ ಅತ್ತೆಗೆ. ನಾವು ಹಿಂದೆ, ಅವರ ಹೆಂಡತಿ, ನಾದಿನಿಯರ ಜೊತೆ ಒತ್ತಿಕೊಂಡು ಕೂತೆವು.

ಇನ್ನು ಮುಂದೆ ಸರ್ವಿಸ್ ಶೋರೂಮಿನಲ್ಲೇ ಎಂದು ಹೆಂಡತಿಯ ತೀರ್ಪಾಗಿದೆ. ನಾನು ಎದುರಾಡುವ ಹಾಗಿಲ್ಲ. ಆದರೆ ಅಷ್ಟು ಜನ ಕೂತರೂ ದಾರಿಯುದ್ದಕ್ಕೂ ಆ ಸದ್ದು ಬರಲೇ ಇಲ್ಲ. ಮನೆ ಮುಂದೆ ಇಳಿದವನು, ನನ್ನದೇ ಕಾರಿನಲ್ಲಿ ತಂದು ಬಿಟ್ಟದ್ದಕ್ಕೆ ಕೇಶವಣ್ಣನಿಗೆ ಥ್ಯಾಂಕ್ಸ್ ಬೇರೆ ಹೇಳಿದ್ದೆ.