ತೂಬು ಕಾಯುವವರಿಗೆ ಒಂದು ಗದ್ದೆ

ಇನ್ನೂ ನಸುಗತ್ತಲು. ಗೌನಿಪಲ್ಲಿಗೆ ಸಮೀಪದ ಈ ಊರಿನ ಕೆರೆಯಲ್ಲಿ ದೊಡ್ಡಮುನಿಯಪ್ಪನವರು ಎದೆಮಟ್ಟದ ನೀರಿಗಿಳಿದು ತೂಬಿನ ಬಿರಡೆ ಎತ್ತುತ್ತಾರೆ. ಏರಿಯ ಆಚೆ ಕಾಲುವೆಗೆ ನೀರು ಬೀಳುವ ಸದ್ದು. ನಡುಗುತ್ತಾ ಮೇಲೆ ಬಂದು ಸನಿಕೆ ಹೆಗಲಿಗೇರಿಸುತ್ತಾರೆ. ಅವರು ಊರಿನ ನೀರಗಂಟಿ. ಯಾರ ಗದ್ದೆಗೆ ಯಾವಾಗ ನೀರು ಹೋಗಬೇಕೆಂದು ನೋಡಿಕೊಳ್ಳುವವರು.

"ಕೊನೇ ಗದ್ದೆಗೆ ಮೊದಲು, ತೂಬಿನ ಪಕ್ಕದ್ದಕ್ಕೆ ಕಡೇಗೆ. ನಮ್ಮ ತಾತನ ಕಾಲದಿಂದ್ಲೂ ಹಿಂಗೇ ಅಮ್ಮಾ" ಎಂದು, ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ. ಇನ್ನೊಂದು ಕಟ್ಟಲೆಯೂ ಉಂಟು: ನೀರಗಂಟಿಗೆ ಆ ಕೆರೆಯ ಕೆಳಗೆ ಗದ್ದೆ ಇರಬಾರದು. ಇದ್ದರೆ ಮೊದಲು ತನ್ನದನ್ನೇ ನೆನೆಸಿಕೊಳ್ಳುತ್ತಾನಲ್ಲ! ಕೂಲಿಯೆಂದರೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದು ಮೊರ ಭತ್ತ.

ಹೋದ ವರ್ಷದವರೆಗೆ ಪಟೇಲ ಸುಬ್ಬರಾಯಪ್ಪನವರಿದ್ದರು. ಅವರು ಏರಿಯ ಮೇಲೆ ನಿಂತು ಕೆಮ್ಮಿದರೆ ಸಾಕು, ಕಾಲುವೆ ಒಡೆಯಲು ಬಂದವನು ಓಡುತ್ತಿದ್ದನಂತೆ. ಅವರು ತೀರಿಕೊಂಡ ಮೇಲೆ ಐದು ಜನರ ಪಂಚಾಯಿತಿ ಆಗಿದೆ. ಈ ಬೇಸಿಗೆ ನೀರು ಕಡಿಮೆ. ತೂಬಿನ ಪಕ್ಕದವರು ಕಾಲುವೆ ಒಡೆದುಕೊಳ್ಳುತ್ತಾರೆ. ಬೇಡವೆನ್ನಲು ಐವರಲ್ಲಿ ಒಮ್ಮತವಿಲ್ಲ. ಕೊನೆಯ ಗದ್ದೆಗಳ ಪೈರು ಹಳದಿಯಾಗುತ್ತಿದೆ. ಹಾಗಾದರೆ ಪಟೇಲರೇ ವಾಸಿಯಾಗಿದ್ದರೇ?

"ವಾಸೀನೇ. ಆದ್ರೆ ಅವರ ಮಗಳ ಮದುವೆ ವರ್ಷ ಅವರ ಗದ್ದೆಗೇ ಮೊದಲು ಹರೀತು. ಕೇಳೋರ್ಯಾರು? ಈ ಐದು ಜನಾನ ಎಲ್ಲಾರೂ ಕೇಳ್ತಾರೆ, ಅವರು ಏನೂ ಹೇಳಲ್ಲ. ನಂಗೆ ತಲೇನೇ ಓಡಲ್ಲ."

ಕೋಲಾರದಲ್ಲಿ, ಮಹಾರಾಜರ ಕೆಳಗೆ ಜನರೇ ಆರಿಸಿದ ಜವಾಬ್ದಾರಿ ಸರ್ಕಾರ ಬೇಕೆಂದು ಭಾಷಣಗಳಾಗುತ್ತಿವೆ, ನಾನೂ ಕೇಳಿ ಬಂದಿದ್ದೇನೆ. ಗಟ್ಟಿ ಆಳು ಬೇಕೋ, ಗಟ್ಟಿ ಕಟ್ಟಲೆ ಬೇಕೋ ಅಲ್ಲಿ ತಿಳಿದ ಹಾಗಿತ್ತು. ಈ ಏರಿಯ ಮೇಲೆ ನಿಂತರೆ ತಿಳಿಯುತ್ತಿಲ್ಲ.

ಪಂಚಾಯಿತಿಯವರಿಗೂ ಸಾಕಾಗಿದೆ. "ಇನ್ನು ನೀನು ಹೇಳಿದ್ದೇ ಆಗ್ಲಿ ಮುನಿಯಪ್ಪಾ, ತೂಬಿನ ಕೆಳಗಿನ ಒಂದು ಗದ್ದೇನೂ ತಗೋ" ಎಂದಿದ್ದಾರೆ. ಇವತ್ತು ಉತ್ತರ ಹೇಳಬೇಕು. ಮುನಿಯಪ್ಪನವರ ವಂಶದಲ್ಲಿ ಯಾರಿಗೂ ಅಂಗೈಯಗಲ ನೆಲವಿಲ್ಲ.

ಬುತ್ತಿ ತಂದ ಹೆಂಡತಿ ಮುನಿಶಾಮಮ್ಮ ನನ್ನನ್ನೇ ಸಾಕ್ಷಿಗೆ ಕರೆಯುತ್ತಾರೆ: "ಮನೆಗೆ ಬಂದ ಗದ್ದೆಗೆ ತಲೆ ಕೆರ್ಕೊಂಡು ಕೂತವ್ನೆ ನೋಡಮ್ಮಾ. ಇವನ ತಲೇಲಿರೋದೂ ಕೆರೆ ನೀರೇ!"

"ಸುಮ್ನಿರೇ. ನಮ್ಮ ಪೈರು ಒಣಗ್ತಾ ಇದ್ರೆ, ಕೊನೇ ಗದ್ದೆಗೆ ನೀರು ತಿರುಗ್ಸೋಕೆ ನೀನು ನನ್ನ ಬಿಡ್ತೀಯಾ?"

"ನಾನ್ಯಾಕೆ ಬಿಡ್ಲಿ!" ಎಂದು ಆಕೆ ನಕ್ಕುಬಿಡುತ್ತಾರೆ. ಮುನಿಯಪ್ಪನವರು ನಗುವುದಿಲ್ಲ.

ಬಿಸಿಲೇರಿದ ಮೇಲೆ ಚಾವಡಿಗೆ ಹೋಗುತ್ತೇವೆ. ಜಗಲಿಯ ಮೇಲಿಂದ ಪಂಚಾಯಿತಿಯ ನರಸಿಂಹಪ್ಪನವರು, "ಏನ್ಲಾ, ಏನು ಯೋಚ್ನೆ ಮಾಡ್ದೆ?" ಎನ್ನುತ್ತಾರೆ.

ಮುನಿಯಪ್ಪನವರು ಕೆಳಗೇ ನಿಂತು ತಲೆಯ ವಸ್ತ್ರ ಬಿಚ್ಚುತ್ತಾರೆ. "ಕಾಲುವೆ ಒಡೀಬೇಡಿ ಅಂತ ಹೇಳೋದು ನೀವೇ ಹೇಳಿ ಸ್ವಾಮಿ, ಐದು ಜನಾನೂ ಬಾಯಿಬಿಟ್ಟು ಇವತ್ತೇ ಹೇಳಿ. ಭೂಮಿ ಬೇಡ ಅಂತಲ್ಲ. ಈ ಕೆರೆ ನೀರು ಹತ್ತದ ಕಡೆ, ಆ ದಿಣ್ಣೆ ಮೇಲೆ ಒಂದು ತುಂಡು ಕೊಡಿ, ಕಲ್ಲಿದ್ರೂ ಸರಿ. ರಾಗಿ ಚೆಲ್ತೀನಿ. ಮಳೆ ಬಂದಾಗ ಬರ್ಲಿ."