ಕೆಳಸೇತುವೆಯ ಕತ್ತಲೆ ಯಾರದು

ಅವ್ವ ಅಂಡರ್‌ಪಾಸಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದ ಸಂಜೆಯೇ ಅಪ್ಪ ಹೇಳಿಬಿಟ್ಟರು: "ನಾಳೆಯಿಂದ ಗಾರ್ಮೆಂಟ್ಸು ಬುಟ್ಬುಡು. ಆ ಕತ್ಲೇಲಿ ಸೊಂಟ ಮುರ್ಕೊಂಡ್ರೆ ಯಾರ್ ನೋಡೋರು?"

ಅವ್ವ ಗಾಯಕ್ಕೆ ಅರಿಶಿನ ಮೆತ್ತುತ್ತ, ತಲೆ ಎತ್ತದೆ ಅಂದಳು: "ಕತ್ಲೆ ಐತೆ ಅಂತ ಕೆಲ್ಸ ಯಾಕ್ ಬುಡ್ಲಿ? ಕತ್ಲೆನೇ ಓಡುಸ್ಬೇಕು."

ಶ್ರೀರಂಗಪಟ್ಟಣದ ಹತ್ತಿರದ ನಮ್ಮೂರನ್ನು ಹೆದ್ದಾರಿ ಎರಡು ಭಾಗ ಮಾಡಿದೆ. ಕಾರ್ಖಾನೆಯ ಬಸ್ಸು ಅವ್ವನನ್ನೂ ಊರಿನ ಇನ್ನಷ್ಟು ಹೆಂಗಸರನ್ನೂ ಆಚೆ ಬದಿಯಲ್ಲಿ ಇಳಿಸುತ್ತದೆ. ಮನೆ ಸೇರಲು ಹೆದ್ದಾರಿಯ ಅಡಿಯ ಆ ಅಂಡರ್‌ಪಾಸು ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲಿ ದೀಪವಿಲ್ಲ. ಮಳೆ ಬಂದ ಮೇಲೆ ಕಲ್ಲು ಯಾವುದು, ಗುಂಡಿ ಯಾವುದು ಗೊತ್ತಾಗುವುದಿಲ್ಲ.

ಆ ವಾರ ನಾನು ಕಚೇರಿಗಳನ್ನು ಸುತ್ತಿದೆ. ಹೆದ್ದಾರಿಯ ಕಚೇರಿಯಲ್ಲಿ, ಸೇತುವೆ ಕೇಂದ್ರದ್ದು, ಆದರೆ ಬೀದಿದೀಪ ಊರಿನವರ ಕೆಲಸ ಎಂದರು. ವಿದ್ಯುತ್ ಕಚೇರಿಯವರು, ನಾವು ರಾಜ್ಯದವರು, ಪಂಚಾಯ್ತಿ ಹೇಳಿದರೆ ಲೈನು ಎಳೆಯುತ್ತೇವೆ ಎಂದರು. ಕೇಂದ್ರದ ಜಾಗದಲ್ಲಿ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ ಎಂದಿತು ಪಂಚಾಯ್ತಿ. ಯಾರ ಮಾತೂ ಸುಳ್ಳಲ್ಲ. ನನಗೆ ಸಿಟ್ಟು ತರಿಸಿದ್ದು ಅದೇ. ಮೈಸೂರಿನಲ್ಲಿ ಎಂ.ಎ. ಓದುವಾಗ, ಸಂವಿಧಾನದ ಪ್ರಕಾರ ಕೇಂದ್ರದ ಪಟ್ಟಿಯಲ್ಲಿ ಏನಿದೆ, ರಾಜ್ಯದ್ದರಲ್ಲಿ ಏನಿದೆ, ಪಂಚಾಯ್ತಿಗೆ ಯಾವ ವಿಷಯಗಳನ್ನು ವಹಿಸಬಹುದು ಎಂದು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದಿದ್ದೆ. ಆ ಪಟ್ಟಿಗಳ ನಡುವೆ ಒಂದು ಕತ್ತಲೆ ಉಳಿದುಬಿಡಬಹುದು, ಅದರೊಳಗೆ ಅವ್ವ ನಡೆಯಬೇಕಾಗಬಹುದು ಎಂದು ಯಾವ ಪ್ರಶ್ನೆಪತ್ರಿಕೆಯಲ್ಲೂ ಇರಲಿಲ್ಲ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಅವ್ವ ತನ್ನ ಜೊತೆ ದುಡಿಯುವ ಹೆಂಗಸರನ್ನೆಲ್ಲ ಕರೆತಂದು ಮುಂದೆ ಕುಳಿತಳು. ನಾನು ಹಿಂದೆ, ಗೋಡೆಯ ಪಕ್ಕ. ಪಂಚಾಯ್ತಿಯ ಅಧಿಕಾರಿ ಮತ್ತೆ ಕೇಂದ್ರದ ಜಾಗದ ಮಾತು ತೆಗೆದಾಗ ಅವ್ವ ಎದ್ದಳು.

"ಸೇತುವೆ ಮುಟ್ಬ್ಯಾಡಿ ಸ್ವಾಮಿ. ಅದ್ರ ಬಾಯ್ಗಂಟ ಬರೋ ರಸ್ತೆ ಯಾರ್ದು?"

"ಅದು ಪಂಚಾಯ್ತಿದೇ."

"ಅಂಗಾರೆ ಅಲ್ಲೇ ಕಂಬ ನೆಡಿ. ದೀಪದ ಮೂತಿಯ ಒಳಿಕ್ ತಿರುಗ್ಸಿ."

"ಬೆಳಕ್ಗೂ ಪರ್ಮಿಷನ್ ತತ್ತಾ ಅಂದಾರು ಕಣಕ್ಕ!" ಎಂದಳು ಪಕ್ಕದಲ್ಲಿದ್ದವಳು. ಸಭೆಯೆಲ್ಲ ನಕ್ಕಿತು.

ಅಧಿಕಾರಿಯೂ ನಕ್ಕು, ಒಪ್ಪಿ, ನಡವಳಿ ಪುಸ್ತಕದಲ್ಲಿ ಬರೆದು ಓದಿದರು: "ಕಂಬ ನೆಡಲು ಅನುಮತಿ ನೀಡುವಂತೆ ಮೇಲಧಿಕಾರಿಗಳನ್ನು ಕೋರಲಾಯಿತು." ಸಹಿಗೆಂದು ಪುಸ್ತಕ ಅವ್ವನ ಕೈಗೆ ಬಂತು.

ನಾಲ್ಕು ಜನರ ಮುಂದೆ ಮಾತಾಡುವವಳಲ್ಲ ನಾನು. ಆದರೂ ಎದ್ದೆ. "ಕೋರಲಾಯಿತು ಅಲ್ಲ ಸರ್. ತೀರ್ಮಾನಿಸಲಾಯಿತು."

"ಒಂದ್ ಪದ ತಾನೇ ಕಣಮ್ಮ. ಎಲ್ಲಾ ಸಭೇಲೂ ಇಂಗೇ ಬರೆಯೋದು."

"ಕೋರಿದ್ರೆ ಅವ್ರು ಇಲ್ಲ ಅನ್ನಬಹುದು. ನಮ್ಮ ರಸ್ತೇಲಿ ಕಂಬ ಹಾಕೋಕೆ ನಾವು ಯಾರನ್ನ ಕೋರಬೇಕು?"

"ನಾಳೆ ಆಕ್ಷೇಪಣೆ ಬಂದ್ರೆ ನನ್ ತಲೆಗೆ ಬತ್ತದೆ."

"ಸಭೆ ತೀರ್ಮಾನ ಅಂತ ಬರೀರಿ, ನಮ್ ತಲೆಗೇ ಬರ್ಲಿ ಬುಡಿ" ಎಂದಳು ಅವ್ವ. ಪೆನ್ನಿನ ಮುಚ್ಚಳ ಹಾಕಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು. ಬೇರೆ ಹೆಂಗಸರೂ ಅದಕ್ಕೆ ಕೈ ಚಾಚಲಿಲ್ಲ. ಕೊನೆಗೆ ಅಧಿಕಾರಿ ಪುಸ್ತಕವನ್ನು ವಾಪಸು ಪಡೆದು, ಆ ಸಾಲನ್ನು ಹೊಡೆದು ಹಾಕಿ ಹೊಸದಾಗಿ ಬರೆದರು. ಆಮೇಲೆ ಅವ್ವ ಸಹಿ ಹಾಕಿದಳು, ಎರಡು ಸಾಲು ತುಂಬುವಷ್ಟು ದೊಡ್ಡದಾಗಿ.

ಕಂಬ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಅವ್ವ ಕೆಲಸಕ್ಕೆ ಹೋದಳು. ಅಪ್ಪ ಗೊಣಗುತ್ತಲೇ ಟಾರ್ಚು ಹಿಡಿದು ಆಚೆ ಬದಿಗೆ ಹೋಗಿ ಬಸ್ಸು ಕಾಯುತ್ತಿದ್ದರು.

ದೀಪ ಹತ್ತಿದ ಮೇಲೆ ಒಂದು ಸಂಜೆ ಹೆದ್ದಾರಿಯವರ ಜೀಪು ಬಂದು ನಿಂತಿತು. ಇಳಿದವರು ಅಲ್ಲಿದ್ದವರಿಗೆ, ಸೇತುವೆಯ ಒಳಗಿನದು ನಮ್ಮ ವ್ಯಾಪ್ತಿ, ದೀಪವನ್ನು ನಿಮ್ಮ ಕಡೆಗೇ ತಿರುಗಿಸಿಕೊಳ್ಳಿ ಎಂದರು. ಬಸ್ಸಿಳಿದು ಬರುತ್ತಿದ್ದ ಅವ್ವ ಅಲ್ಲೇ ನಿಂತಳು.

"ನಿಮ್ ಕತ್ಲೆ ಇಷ್ಟ್ ದಿನ ನಮ್ ಕಾಲ್ಗೆ ತೊಡರ್ಕತ್ತಿತ್ತಲ್ಲ, ಆಗ ಯಾವ್ ವ್ಯಾಪ್ತಿ ಕೇಳುದ್ರಿ? ನೋಟೀಸ್ ಕೊಡಿ. ಉತ್ರ ಸಭೇಲಿ ಬರೀತೀವಿ."

ನೋಟೀಸು ಇನ್ನೂ ಬಂದಿಲ್ಲ. ದೀಪವನ್ನು ಯಾರೂ ತಿರುಗಿಸಿಲ್ಲ. ಅವ್ವ ಈ ವಾರದಿಂದ ಓವರ್‌ಟೈಮಿಗೂ ಹೆಸರು ಕೊಟ್ಟಿದ್ದಾಳೆ.